ನೀರಿನ ಕೊಡದಲ್ಲಿ ಬಂದ ದೆವ್ವ

"ಮೇಷ್ಟ್ರೇ, ನಾನು ಮಾಡಿದ ದೆವ್ವಗಳಿಗೆ ಯಾರೂ ಏಕೆ ಹೆದರುವುದಿಲ್ಲ?" ಎಂದು ನಿರಂಜನ ಕೇಳಿದ.

ಕೊಟ್ರಯ್ಯ ಮೇಷ್ಟ್ರು ಭಾನುವಾರದ ಮಧ್ಯಾಹ್ನ ವಾಚನಾಲಯದ ಹಿಂದಿನ ಕೋಣೆಯಲ್ಲಿ ದಾಳದ ಆಟ ನಡೆಸುತ್ತಿದ್ದರು. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗಿನ ವೀರರಾಗಿ ಮೇಜಿನ ಸುತ್ತ ಕೂರುತ್ತಾರೆ. ದಾರಿಗೆ ಅಡ್ಡ ಬಂದ ರಾಕ್ಷಸನನ್ನು ದಾಳ ಉರುಳಿಸಿ ಗೆಲ್ಲುತ್ತಾರೆ, ಇಲ್ಲವೇ ಸಾಯುತ್ತಾರೆ. ನಿರಂಜನ ಅವರ ಬಳಿ ಮೂರು ವರ್ಷದಿಂದ ಈ ವಿದ್ಯೆ ಕಲಿಯುತ್ತಿದ್ದ. ಮುಂದಿನ ವಾರ ಮೊದಲ ಸಲ ಅವನೇ ಆಟ ನಡೆಸಬೇಕಿತ್ತು. ಹಳ್ಳಿಹಳ್ಳಿ ಸುತ್ತಿ, ಹಳಬರ ಬಾಯಿಂದ ಕೇಳಿದ್ದಕ್ಕೆ ತನ್ನದಿಷ್ಟು ಸೇರಿಸಿ ನಲವತ್ತು ದೆವ್ವಗಳನ್ನು ಮಾಡಿ, ಚಿತ್ರಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಗೆಳೆಯರ ಮುಂದೆ ಹನ್ನೆರಡನ್ನು ಇಳಿಸಿ ನೋಡಿದ್ದ. ಅವರು ಚುರುಮುರಿ ತಿನ್ನುತ್ತಲೇ ಹನ್ನೆರಡನ್ನೂ ಕೊಂದು, "ಮುಂದಿನದು ಬಿಡೋ" ಎಂದಿದ್ದರು.

ಮೇಷ್ಟ್ರು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿದರು. ಚಿತ್ರಗಳನ್ನು ಮೆಚ್ಚಿದರು. ಆಮೇಲೆ ಕತೆ ಶುರು ಮಾಡಿದರು.

ಒಬ್ಬ ವರ್ತಕನಿದ್ದ. ಊರೂರಿಗೆ ಹೋಗಿ ಕಂಬಳಿ ಮಾರುವುದು ಅವನ ಕಸುಬು. ಜೊತೆಗೊಂದು ಹುಚ್ಚು. ಕಾಡು, ಕೋಟೆ, ಹೊಳೆ ಎಲ್ಲ ಬರೆದ ಒಂದು ಹಾಸುಬಟ್ಟೆ ಅವನ ಗಂಟಿನಲ್ಲಿರುತ್ತಿತ್ತು. ವ್ಯಾಪಾರ ಮುಗಿದ ಮೇಲೆ ಊರ ಕಟ್ಟೆಯಲ್ಲಿ ಅದನ್ನು ಹಾಸಿ, ಆರು ಕವಡೆ ಇಟ್ಟು ಆಟ ಹೂಡುತ್ತಿದ್ದ. ಈಗ ನಾವು ಆಡುವುದೂ ಹೆಚ್ಚುಕಡಿಮೆ ಅದೇ ಅನ್ನು. ಹೋದ ಊರಲ್ಲೆಲ್ಲ, "ನಿಮ್ಮಲ್ಲಿ ಎಂಥ ದೆವ್ವವಿದೆ?" ಎಂದು ಕೇಳುತ್ತಿದ್ದ. ಕೇಳಿದ್ದಕ್ಕೆ ತಲೆ ಇಷ್ಟು, ಕೈ ಇಷ್ಟು, ಬಲ ಇಷ್ಟು, ಎಲ್ಲಿ ಹೊಡೆದರೆ ಸಾಯುತ್ತದೆ ಎಂದು ಗೊತ್ತುಮಾಡಿ ಆಟಕ್ಕೆ ಇಳಿಸುತ್ತಿದ್ದ.

ಒಮ್ಮೆ ಒಂದು ಹೊಸ ಊರಿಗೆ ಬಂದ. ಕಂಬಳಿ ಕೊಳ್ಳಲು ಬಂದ ಒಬ್ಬ ಹೆಂಗಸು ಅವನಿಗೆ ತಮ್ಮೂರಿನ ದೆವ್ವದ ವಿಷಯ ಹೇಳಿದಳು. ಅದರ ಹೆಸರು ಜೊತೆಗಾತಿ. ಊರಾಚೆಯ ಮೆಟ್ಟಿಲುಬಾವಿಯಲ್ಲಿ ಅದರ ವಾಸ. ನೀರಿಗೆ ಒಬ್ಬಳೇ ಬಂದ ಹೆಂಗಸನ್ನು, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತದೆ. ಯಾರೂ ಇಲ್ಲ ಎಂದರೆ ತಾನೇ ಜೊತೆಯಾಗಿ ಒಳಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಆ ಊರಲ್ಲಿ ಯಾವ ಮನೆಯಿಂದಲೂ ನೀರಿಗೆ ಒಬ್ಬಳನ್ನೇ ಕಳಿಸುತ್ತಿರಲಿಲ್ಲ.

"ನೋಡಲು ಹೇಗಿದೆಯಮ್ಮ?" ಎಂದ ವರ್ತಕ.

"ಅದನ್ನ ಯಾರಪ್ಪ ನೋಡ್ತಾ ಕೂತಿದ್ರು? ಕಂಬಳಿ ಎಷ್ಟಕ್ಕೆ ಕೊಡ್ತಿ, ಅದನ್ನ ಹೇಳು" ಎಂದಳು ಅವಳು.

ವರ್ತಕ ತಾನೇ ಅದಕ್ಕೆ ಆರು ಕೈ ಕೊಟ್ಟ. ಕೆಂಪು ನಾಲಿಗೆ ಕೊಟ್ಟ. ಎಂಬತ್ತು ಬಲ ಕೊಟ್ಟ. ಮರುದಿನ ಊಟದ ಹೊತ್ತು ಕಳೆದ ಮೇಲೆ ಕಟ್ಟೆಯಲ್ಲಿ ಹಾಸುಬಟ್ಟೆ ಬಿಚ್ಚಿದ. ಊರಗೌಡನೂ ಇನ್ನೂ ನಾಲ್ವರೂ ವೀರರಾದರು. ಜೊತೆಗಾತಿ ಬಂತು. ಕಾದಾಟ ಜೋರಾಯಿತು. ಕೊನೆಗೆ ಗೌಡ ಎಸೆದ ಆರೂ ಕವಡೆ ಅಂಗಾತ ಬಿದ್ದವು. ಜೊತೆಗಾತಿ ಸತ್ತಿತು. ಜನ ಕೇಕೆ ಹಾಕಿದರು.

ವರ್ತಕನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಊರಿನಲ್ಲಿ ಹೊಲದ ಬದು ಯಾರದು, ಕಾಲುವೆಯ ನೀರು ಇವತ್ತು ಯಾರ ಸರದಿ ಎಂಬ ವ್ಯಾಜ್ಯಗಳೆಲ್ಲ ತೀರುತ್ತಿದ್ದುದು ಅದೇ ಕಟ್ಟೆಯ ಮೇಲೆ, ಕವಡೆ ಎಸೆದು. ಅಲ್ಲಿ ಬಿದ್ದ ಕವಡೆಗೆ ಮರುಮಾತಿರಲಿಲ್ಲ. ಬೇರೆ ಊರಿನಲ್ಲಿ ಆಟವಾಗಿದ್ದದ್ದು ಇಲ್ಲಿ ತೀರ್ಮಾನವಾಯಿತು. ಜೊತೆಗಾತಿ ಸತ್ತಿದೆ ಎಂದು ಊರು ಒಪ್ಪಿಕೊಂಡಿತು.

ಮರುದಿನದಿಂದಲೇ ಮನೆಮನೆಯಲ್ಲಿ ಏರ್ಪಾಡು ಬದಲಾಯಿತು. ಇಬ್ಬರು ಹೋಗುತ್ತಿದ್ದ ಕೆಲಸಕ್ಕೆ ಒಬ್ಬಳು ಸಾಕು, ಇನ್ನೊಬ್ಬಳು ಸಗಣಿ ಬಾಚಲಿ, ರಾಗಿ ಬೀಸಲಿ. ಕಂಬಳಿ ಕೊಳ್ಳಲು ಬಂದಿದ್ದ ಆ ಹೆಂಗಸಿಗೆ ಒಬ್ಬಳು ಸೊಸೆ. ಮದುವೆಯಾಗಿ ಐದು ತಿಂಗಳಾಗಿತ್ತು. ಅದುವರೆಗೆ ಪಕ್ಕದ ಮನೆಯವಳ ಜೊತೆ ಹೋಗುತ್ತಿದ್ದಳು. ಈಗ ಒಬ್ಬಳೇ ಹೊರಟಳು.

ಆ ಬಾವಿಗೆ ನಲವತ್ತು ಮೆಟ್ಟಿಲು. ಕೆಳಗಿನವು ಪಾಚಿ ಕಟ್ಟಿದ್ದವು. ಮೊದಲೆಲ್ಲ ಒಬ್ಬಳು ಮೇಲಿನ ಮೆಟ್ಟಿಲಲ್ಲಿ ನಿಂತು ಕೈ ಹಿಡಿಯುತ್ತಿದ್ದಳು, ಇನ್ನೊಬ್ಬಳು ಬಗ್ಗಿ ತುಂಬುತ್ತಿದ್ದಳು. ನಾಲ್ಕನೆಯ ದಿನ ಸೊಸೆಯ ಕಾಲು ಜಾರಿತು. ಕೊಡ ಮುಳುಗಿತು. ಅವಳು ಗೋಡೆಯ ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿ ಎದೆಯವರೆಗೆ ಮುಳುಗಿ, ಕಾಲಿಗೆ ನೆಲ ಸಿಗದೆ ತೂಗಾಡಿದಳು. ಕೂಗಿದಳು. ಕೇಳುವವರು ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಹೇಗೋ ಹತ್ತಿ ಬಂದಳು.

"ಕೊಡ ಎಲ್ಲೇ?" ಎಂದಳು ಅತ್ತೆ.

"ಬಾವಿ ಒಳಗಿದೆ."

"ಸತ್ತ ದೆವ್ವಕ್ಕೆ ಹೆದರಿ ಬಿದ್ದೆಯಾ?"

"ಅದು ಬದುಕಿದ್ರೆ ನಾನು ಬೀಳ್ತಿರಲಿಲ್ಲ ಅತ್ತೆ. ಪಕ್ಕದ ಮನೆ ಅಕ್ಕ ಕೈ ಹಿಡಿದಿರ್ತಿದ್ದಳು."

ಅತ್ತೆ ಬೇರೆ ಕೊಡ ತೆಗೆದುಕೊಟ್ಟಳು. ನಾಳೆ ಮತ್ತೆ ಅದೇ ಮೆಟ್ಟಿಲು ಇಳಿಯಬೇಕು. ಸೊಸೆ ತನ್ನ ಬೆರಳು ನೋಡಿಕೊಂಡಳು. ಉಗುರು ಕಿತ್ತು ಹೋಗಿದ್ದವು. ಇನ್ನೊಮ್ಮೆ ಜಾರಿದರೆ ಆ ಬೆರಳುಗಳು ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಕೊಡವನ್ನು ಅಲ್ಲೇ ಇಟ್ಟು ನೇರವಾಗಿ ಕಟ್ಟೆಯ ಬಳಿಗೆ ನಡೆದಳು. ಅತ್ತೆ ಬಯ್ಯುತ್ತ ಹಿಂದೆಯೇ ಬಂದಳು.

ಊರಲ್ಲೇ ಉಳಿದಿದ್ದ ವರ್ತಕನ ಆಟ ಕಟ್ಟೆಯ ಮೇಲೆ ನಡೆದಿತ್ತು. ಗೌಡ ಮಜ್ಜಿಗೆ ಕುಡಿಯುತ್ತಿದ್ದ. ಸೊಸೆ ಕೆಳಗೆ ನಿಂತು ಹೇಳಿದಳು. "ಜೊತೆಗಾತಿ ಸತ್ತದ್ದನ್ನು ನಾನು ಒಪ್ಪಿದ್ದೇನೆ. ಕವಡೆಗೆ ಎದುರಾಡುವುದಿಲ್ಲ. ಆದರೆ ಬಾವಿಗೆ ಇನ್ನೊಂದು ಬಂದಿದೆ. ಇವತ್ತು ನೋಡಿ ಬಂದೆ."

ವರ್ತಕನಿಗೆ ಹಿಗ್ಗೋ ಹಿಗ್ಗು. ಹೊಸ ದೆವ್ವ ತಾನಾಗಿ ನಡೆದು ಬಂದಿದೆಯಲ್ಲ. ಸುಣ್ಣದ ಕಡ್ಡಿ ಹಿಡಿದು, "ತಲೆ ಎಷ್ಟು ತಂಗಿ?" ಎಂದ.

"ತಲೆ ಇಲ್ಲ."

"ಬಲ?"

"ಬಲವೂ ಇಲ್ಲ. ಒಬ್ಬಳೇ ಹೋದವಳನ್ನು ಅದು ಮುಟ್ಟುವುದೂ ಇಲ್ಲ. ಸುಮ್ಮನೆ ಅವಳ ಕೊಡದ ನೀರಿನಲ್ಲಿ ಕೂತು ಮನೆಗೆ ಬರುತ್ತದೆ. ಅವಳನ್ನು ಒಬ್ಬಳೇ ಕಳಿಸಿದವರು ಯಾರೋ, ಆ ನೀರು ಕುಡಿದಾಗ ಅವರೊಳಗೆ ಇಳಿಯುತ್ತದೆ."

ಗೌಡ, "ಅದನ್ನ ಕೊಲ್ಲೋಕೆ ಎಲ್ಲಿ ಹೋಗಬೇಕು?" ಎಂದ.

"ಎಲ್ಲಿಗೂ ಹೋಗಬೇಕಾಗಿಲ್ಲ ಗೌಡ್ರೇ. ಇವತ್ತು ನಿಮ್ಮ ಮನೆಗೆ ನೀರು ತಂದವರು ಒಬ್ಬರೋ ಇಬ್ಬರೋ ಅನ್ನೋದನ್ನ ನೆನಪು ಮಾಡಿಕೊಳ್ಳಿ."

ಗೌಡ ಮಜ್ಜಿಗೆಯ ಲೋಟ ಕೆಳಗಿಟ್ಟ. ವರ್ತಕ ಕವಡೆಗಳನ್ನು ಮುಂದೆ ಸರಿಸಿ, "ಯಾರು ಎದುರಿಸುತ್ತೀರಿ?" ಎಂದ. ಐವರು ವೀರರಲ್ಲಿ ಒಬ್ಬನೂ ಕೈ ಚಾಚಲಿಲ್ಲ. ಸೋತರೆ ಏನು ಗತಿ? ಅದು ನಮ್ಮ ಹೊಟ್ಟೆಯಲ್ಲೇ ಇದೆ ಎಂದು ಕಟ್ಟೆಯ ಮೇಲೆ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಮರುಮಾತಿಲ್ಲ. ಕವಡೆ ಬೀಳಲಿಲ್ಲ. ಕವಡೆ ಬೀಳದ ಸಂಗತಿ ಆ ಊರಿನಲ್ಲಿ ಇದ್ದ ಹಾಗೆಯೇ ಇರುತ್ತದೆ. ಆ ದೆವ್ವವೂ ಇದ್ದ ಹಾಗೆಯೇ ಉಳಿಯಿತು.

ಮರುದಿನ ಸೊಸೆ ಕೊಡ ಎತ್ತಿಕೊಂಡಾಗ ಅತ್ತೆ ತಾನೂ ಒಂದು ಬಿಂದಿಗೆ ಸೊಂಟಕ್ಕಿಟ್ಟಳು. "ನನಗೇನೂ ಹೆದರಿಕೆ ಇಲ್ಲ. ಕೂತೂ ಕೂತೂ ಮಂಡಿ ಹಿಡೀತದೆ, ಅದಕ್ಕೇ ಬಂದೆ" ಎಂದಳು. ಬಾವಿಯ ದಾರಿಯಲ್ಲಿ ಎಲ್ಲ ಮನೆಯವರೂ ಇಬ್ಬಿಬ್ಬರಾಗಿ ನಡೆಯುತ್ತಿದ್ದರು. ಪಾಚಿಯ ಮೆಟ್ಟಿಲಿನಲ್ಲಿ ಅತ್ತೆ ಕೈ ಚಾಚಿದಳು. ಸೊಸೆ ಹಿಡಿದುಕೊಂಡಳು.

ವರ್ತಕ ತನ್ನ ಊರಿಗೆ ಹೊರಟ. ದಾರಿಯುದ್ದಕ್ಕೂ ಈ ಹೊಸ ದೆವ್ವವನ್ನು ಆಟಕ್ಕೆ ಒಗ್ಗಿಸಲು ನೋಡಿದ. ಒಂದು ತಲೆ ಕೊಟ್ಟ, ಅದನ್ನು ಕೊಲ್ಲುವುದು ಸ್ವಲ್ಪ ಸುಲಭವಾಯಿತು. ಮೂರು ತಲೆ ಕೊಟ್ಟ, ಇನ್ನೂ ಸುಲಭವಾಯಿತು. ಬೇಸರದಿಂದ ಎಲ್ಲ ಅಳಿಸಿದ. ಮನೆ ಮುಟ್ಟಿದಾಗ ಬಾಯಾರಿತ್ತು. ಹೆಂಡತಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ತುಟಿಯ ಹತ್ತಿರ ಒಯ್ದವನು ತಡೆದು, "ನೀರಿಗೆ ಯಾರ್ಯಾರು ಹೋಗಿದ್ರಿ?" ಎಂದು ಕೇಳಿದ.

"ಇದೇನು ಹೊಸದು ಕೇಳ್ತೀರಿ? ನಾನೊಬ್ಬಳೇ. ಇಪ್ಪತ್ತು ವರ್ಷದಿಂದ ಒಬ್ಬಳೇ."

ವರ್ತಕ ಆ ನೀರು ಕುಡಿಯಲಿಲ್ಲ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು. ನಿರಂಜನ ಆಗಲೇ ಪೆನ್ನು ತೆಗೆದು ನಲವತ್ತೊಂದು ಎಂದು ಸಂಖ್ಯೆ ಹಾಕಿದ್ದ. "ಚೆನ್ನಾಗಿದೆ ಮೇಷ್ಟ್ರೇ. ಇದಕ್ಕೆ ಬಲ ಎಷ್ಟು ಬರೆದುಕೊಳ್ಳಲಿ?" ಎಂದ.

"ಅದಿರಲಿ, ನಿನ್ನ ನಲವತ್ತರಲ್ಲಿ ನೀನು ಹೆದರುವುದು ಯಾವುದಕ್ಕೆ?" ಎಂದರು ಮೇಷ್ಟ್ರು.