ನೇಕಾರರ ಬೀದಿಯ ಚಾವಣಿಗಳು

“ಗುರುಗಳೇ, ಹೆದರಿ ಕೂತವರನ್ನು ಬಿಟ್ಟು ಊರು ಕಟ್ಟಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಬಸವಂತ. ಅವನ ನಗರ ಯುದ್ಧದಲ್ಲಿ ಹಾಳಾಗಿತ್ತು. ಮತ್ತೆ ಕಟ್ಟುವ ಹೊಣೆಯನ್ನು ಜನ ಅವನಿಗೆ ಒಪ್ಪಿಸಿದ್ದರು. ಬಹಳ ಮಂದಿ ಕೈಜೋಡಿಸಿದ್ದರು. ಕೆಲವರು ಮಾತ್ರ ಬಿದ್ದ ಮನೆಯ ಮುಂದೆ ಕೂತು ಏಳಲೊಲ್ಲದೆ ಇದ್ದರು. ಅವರಿಂದಾಗಿ ಕೆಲಸ ನಿಂತಿದೆ ಎಂದು ಅವನು ದೂರಿಕೊಂಡ.

ಗುರುಗಳು ನಕ್ಕರು. “ನಿನಗೆ ಕೆಲಸ ಬೇಗ ಮುಗಿಯಬೇಕು, ಅಷ್ಟೇ ತಾನೆ? ಕೂತುಕೋ. ಅವಸರದವನನ್ನು ಕೂರಿಸಿ ಕತೆ ಹೇಳುವುದೆಂದರೆ ನನಗೂ ಒಂದು ಖುಷಿ,” ಎಂದು ಹೇಳತೊಡಗಿದರು.

ಒಂದು ಕೋಟೆಯ ಊರು. ಅಲ್ಲೊಂದು ನೇಕಾರರ ಬೀದಿ. ವೈರಿಗಳು ಬಂದು ಬೆಂಕಿ ಇಟ್ಟರು. ಮನೆಗಳಿಗೆಲ್ಲ ಮರದ ಚಾವಣಿ, ಅದರ ಮೇಲೆ ಮಣ್ಣಿನ ಮಾಳಿಗೆ. ತೊಲೆ ಸುಟ್ಟಿತು, ಮಣ್ಣು ಕುಸಿಯಿತು, ಒಳಗಿದ್ದವರು ಒಳಗೇ ಉಳಿದರು. ಬದುಕಿದವರು ಯುದ್ಧ ಮುಗಿದ ಮೇಲೆ ಬಯಲಿನಲ್ಲಿ ಗುಡಾರ ಹಾಕಿಕೊಂಡರು.

ಅವರಿಗೆ ಮನೆ ಕಟ್ಟಿಕೊಡಲು ಒಬ್ಬ ಗಾರೆ ಮೇಸ್ತ್ರಿ ಬಂದ. ದುಂಡಪ್ಪ ಎಂದು ಹೆಸರು. ಅವನು ಮತ್ತೆ ಮರ ಬೇಡವೇ ಬೇಡ ಎಂದ. ಕಾಡು ಕಡಿದು ತಂದು ತಲೆಯ ಮೇಲೆ ಇಟ್ಟುಕೊಳ್ಳುವುದು, ಇನ್ಯಾರೋ ಬಂದು ಅದಕ್ಕೆ ಬೆಂಕಿ ಹಾಕುವುದು, ಇದೆಂಥ ಬಾಳು ಎಂದು ಕೇಳಿದ. ಬಿದ್ದ ಮನೆಗಳ ಇಟ್ಟಿಗೆ ರಾಶಿ ರಾಶಿ ಇತ್ತು. ಚೂರಾದದ್ದನ್ನು ಕುಟ್ಟಿ ಸುಣ್ಣಕ್ಕೆ ಬೆರೆಸಿ ಗಾರೆ ಮಾಡೋಣ, ಇಡಿಯಾಗಿ ಉಳಿದದ್ದರಿಂದ ಕಮಾನು ಚಾವಣಿ ಏಳಿಸೋಣ ಎಂದ. ಅದಕ್ಕೆ ಬೆಂಕಿ ಹತ್ತುವುದಿಲ್ಲ, ಬೇಸಿಗೆಯಲ್ಲಿ ಒಳಗೆ ತಂಪು. ಜನರಿಗೆ ಮಾತು ಹಿಡಿಸಿತು. ತಮ್ಮ ತಮ್ಮ ಮನೆಯ ಇಟ್ಟಿಗೆಗಳನ್ನು ತಾವೇ ಆರಿಸಿ ತಂದು ಕೊಟ್ಟರು.

ಆದರೆ ಕಮಾನಿನ ಸ್ವಭಾವ ನಿನಗೆ ಗೊತ್ತಿರಬೇಕಲ್ಲ. ಅದು ಸುಮ್ಮನೆ ಕೂರುವುದಿಲ್ಲ. ಎರಡೂ ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಮೇಸ್ತ್ರಿ ಮನೆಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಕಟ್ಟಿದ. ಈ ಮನೆ ಆ ಮನೆಯನ್ನು ತಳ್ಳುತ್ತದೆ, ಆ ಮನೆ ಈ ಮನೆಯನ್ನು ತಳ್ಳುತ್ತದೆ, ಹೀಗೆ ಎರಡೂ ನಿಲ್ಲುತ್ತವೆ. ಸಾಲಿನ ಎರಡು ತುದಿಗೆ ದಪ್ಪನೆಯ ಕಲ್ಲುಗೋಡೆ. ನಡುವೆ ಒಂದೇ ಒಂದು ಮನೆ ಇಲ್ಲದೆ ಹೋದರೂ ಉಳಿದವೆಲ್ಲ ಆ ಸಂದಿಗೆ ಕುಸಿದು ಬೀಳುತ್ತವೆ.

ಗಾರೆ ಬಿಗಿಯುವವರೆಗೆ ಕಮಾನುಗಳ ಕೆಳಗೆ ಮರದ ಆಸರೆ ಕೊಟ್ಟಿದ್ದರು. ಊರಿನಲ್ಲಿ ಸುಡದೆ ಉಳಿದ ಮರವೆಲ್ಲ ಅದಕ್ಕೇ ಹೋಗಿತ್ತು. ಇಲ್ಲಿ ಬಿಚ್ಚಿದರೆ ತಾನೇ ಪಕ್ಕದ ಕುಂಬಾರರ ಬೀದಿಗೆ ಮರ ಸಿಗುವುದು? ಕುಂಬಾರರು ಇನ್ನೂ ಗುಡಾರದಲ್ಲಿದ್ದರು. ಮಳೆಗಾಲ ಹತ್ತಿರ ಬಂದಿತ್ತು.

ಆಸರೆ ಬಿಚ್ಚುವುದಕ್ಕೆ ಮೇಸ್ತ್ರಿಗಳಲ್ಲಿ ಒಂದು ಪದ್ಧತಿ. ಆ ಮನೆಯಲ್ಲಿ ಬಾಳುವವರೇ ಕಮಾನಿನ ಕೆಳಗೆ ನಿಂತು ಮೊದಲ ಕಂಬವನ್ನು ಎಳೆಯಬೇಕು. ಅವರು ಎಳೆಯದೆ ಮೇಸ್ತ್ರಿ ಮನೆ ಒಪ್ಪಿಸುವುದಿಲ್ಲ. ಒಂದು ಕಮಾನು ಇನ್ನೊಂದಕ್ಕೆ ಒರಗುವುದರಿಂದ ಇಡೀ ಸಾಲಿನ ಕಂಬಗಳನ್ನು ಒಟ್ಟಿಗೇ ಎಳೆಯಬೇಕಾಗಿತ್ತು. ಗೊತ್ತಾದ ದಿನ ಬೆಳಗ್ಗೆ ಎಲ್ಲರೂ ಸ್ನಾನ ಮಾಡಿ ಬಂದು ತಮ್ಮ ಮನೆಗಳ ಒಳಗೆ ನಿಂತರು. ನಟ್ಟನಡುವಿನ ಮನೆಯವಳು ಮಾತ್ರ ಒಳಗೆ ಬರಲಿಲ್ಲ.

ಅವಳು ಸಂಗವ್ವ. ಅವಳ ಗಂಡನೂ ಮಗಳೂ ಚಾವಣಿಯ ಕೆಳಗೆ ಸಿಕ್ಕಿ ಸತ್ತಿದ್ದರು. ನೂಲು ಒಣಹಾಕಲು ಹೊರಗೆ ಹೋಗಿದ್ದ ಅವಳು ಉಳಿದಿದ್ದಳು. ಅಂದಿನಿಂದ ಯಾವ ಚಾವಣಿಯ ಕೆಳಗೂ ಕಾಲಿಟ್ಟವಳಲ್ಲ. ಕೆಲಸಗಳ್ಳಿ ಎಂದುಕೊಳ್ಳಬೇಡ. ಇಟ್ಟಿಗೆ ಹೊತ್ತಿದ್ದಳು, ಸುಣ್ಣ ಕಲಸಿದ್ದಳು, ಗೋಡೆ ಏಳುವವರೆಗೂ ಎಲ್ಲರಿಗಿಂತ ಹೆಚ್ಚು ದುಡಿದಿದ್ದಳು. ಮೇಲೆ ಕಮಾನು ಮುಚ್ಚಿಕೊಂಡ ದಿನ ಹೊರಗೆ ಹೋದವಳು ಬಾಗಿಲ ಆಚೆಯೇ ಕೂತುಬಿಟ್ಟಳು.

ಬೀದಿಯವರು ಬೇಡಿಕೊಂಡರು, ಬೈದರು. ಕಂಬ ಎಳೆದು ಓಡಿ ಬಾ ಸಾಕು ಎಂದರು. ಅವಳ ಬದಲು ನಾವೇ ಎಳೆಯುತ್ತೇವೆ ಎಂದು ಇಬ್ಬರು ಗಂಡಸರು ತೋಳೇರಿಸಿ ಬಂದರು. ಮೇಸ್ತ್ರಿ ಬಿಡಲಿಲ್ಲ. ಕುಂಬಾರರ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು ನಿಂತರು. ಒಮ್ಮೆ ಆಸರೆಯ ಮರವನ್ನು, ಒಮ್ಮೆ ಮೋಡವನ್ನು ನೋಡಿದರು.

ದುಂಡಪ್ಪ ಹೋಗಿ ಸಂಗವ್ವನ ಎದುರು ಕುಕ್ಕರುಗಾಲಿನಲ್ಲಿ ಕೂತ. “ಅವ್ವಾ, ನಾನು ಕಟ್ಟಿದ್ದು ಬೀಳುವುದಿಲ್ಲ,” ಎಂದ.

“ನನ್ನ ಗಂಡನೂ ಹಾಗೇ ಹೇಳಿ ಕಟ್ಟಿದ್ದ. ಅವನು ಸುಳ್ಳು ಹೇಳುವ ಮನುಷ್ಯ ಆಗಿರಲಿಲ್ಲಪ್ಪ,” ಎಂದಳು ಸಂಗವ್ವ.

ಮೇಸ್ತ್ರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಸಿಟ್ಟಿಗೆ ನಾಚಿಕೆಯಾಯಿತು. ಅಲ್ಲಿಂದಲೇ ತಲೆ ಎತ್ತಿ ಇಡೀ ಸಾಲನ್ನು ಕಣ್ಣಲ್ಲೇ ಅಳೆದ. ಕೊನೆಗೆ ಎದ್ದು, ಏಣಿ ಹತ್ತಿ, ಅವಳ ಮನೆಯ ಕಮಾನನ್ನು ತನ್ನ ಕೈಯಿಂದಲೇ ಬಿಚ್ಚತೊಡಗಿದ.

ಇವನಿಗೂ ತಲೆ ಕೆಟ್ಟಿತು ಎಂದರು ಜನ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಟ್ಟಿಗೆ ಇಟ್ಟಿಗೆಯಾಗಿ ತೆಗೆದು ಕೆಳಗೆ ಕೊಟ್ಟ. ಪೂರ್ತಿ ತೆಗೆಯಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಕೆಲವು ದಪ್ಪ ಕಮಾನುಪಟ್ಟಿಗಳನ್ನು, ಎದೆಗೂಡಿನ ಎಲುಬುಗಳ ಹಾಗೆ, ಬಿಟ್ಟ. ಅಕ್ಕಪಕ್ಕದ ಮನೆಗಳ ತಳ್ಳಾಟವನ್ನು ತಡೆಯಲು ಇಷ್ಟು ಸಾಕು ಎಂದ. ಪಟ್ಟಿಗಳ ನಡುವೆ ಆಕಾಶ ಕಾಣುತ್ತಿತ್ತು.

ಸಂಗವ್ವ ಎದ್ದಳು. ಹೊಸಿಲ ಮೇಲೆ ನಿಂತು ತಲೆ ಎತ್ತಿ ನೋಡಿದಳು.  ಒಳಗೆ ಬಂದಳು, ಬಯಲಾದ ಕಡೆ ನಿಂತಳು, ಕೈಚಾಚಿ ಕಂಬವನ್ನು ಹಿಡಿದಳು. ಮೇಸ್ತ್ರಿ ಬೀದಿಗೆಲ್ಲ ಕೇಳುವಂತೆ ಕೂಗಿದ. ಅವಳು ಎಳೆದಳು. ಆಚೀಚಿನ ಮನೆಗಳವರೂ ಎಳೆದರು.

ಬೀದಿಯುದ್ದಕ್ಕೂ ಕಿರ್ ಎಂಬ ಸದ್ದು ಹೋಯಿತು. ಚಾವಣಿಗಳೆಲ್ಲ ಒಂದು ಕೂದಲೆಳೆಯಷ್ಟು ಕೆಳಗೆ ಕೂತವು. ಸ್ವಲ್ಪ ಗಾರೆ ಉದುರಿತು. ಅಷ್ಟೇ. ಆಮೇಲೆ ಎಲ್ಲವೂ ನಿಂತವು.

 ಕೆಳಗೆ ಏನೂ ಇಲ್ಲ, ಮೇಲೆ ಸುಟ್ಟ ಊರಿನ ಅದೇ ಇಟ್ಟಿಗೆಗಳು ಗಾಳಿಯಲ್ಲಿ ನಿಂತಿವೆ. ಒಬ್ಬ ಮುದಿ ನೇಕಾರ ಗೋಡೆಗೆ ಅಂಗೈ ಇಟ್ಟು ಅಳತೊಡಗಿದ. ಕೆಲವರು ಕೈಮುಗಿದರು. ಯಾರಿಗೆ ಮುಗಿದೆವು ಎಂದು ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ಕಟ್ಟಿದ ದುಂಡಪ್ಪನೇ ತಲೆ ಎತ್ತಿ ಮತ್ತೆ ಮತ್ತೆ ನೋಡಿದ. ಅದೇ ದಿನ ಆಸರೆಯ ಮರ ಕುಂಬಾರರ ಬೀದಿಗೆ ಹೋಯಿತು.

ಮಳೆ ಬಂದಾಗ ಸಂಗವ್ವ ತಾನೇ ನೇಯ್ದ ದಪ್ಪ ಬಟ್ಟೆಗೆ ಮೇಣ ಸವರಿ ಪಟ್ಟಿಗಳ ನಡುವೆ ಕಟ್ಟಿಕೊಂಡಳು. ಬಿದ್ದರೂ ನೋವಾಗದಂಥದು. ಅಲ್ಲೇ ಮಗ್ಗ ಹೂಡಿ ಬಾಳಿದಳು.

ಗುರುಗಳು ಕತೆ ಮುಗಿಸಿದರು.  “ಆಮೇಲಾದರೂ ಆಕೆಯ ಹೆದರಿಕೆ ಹೋಯಿತೇ ಗುರುಗಳೇ?” ಎಂದು ಬಸವಂತ ಕೇಳಿದ.

“ಇಲ್ಲ, ಇಂದಿಗೂ ಆ ಬೀದಿಯ ಚಾವಣಿಗಳೆಲ್ಲ ಆ ಹೆದರಿಕೆಗೇ ಒರಗಿಕೊಂಡು ನಿಂತಿವೆ,” ಎಂದರು ಗುರುಗಳು.

ಬಸವಂತ ಎದ್ದು, ಬಿದ್ದ ಮನೆಗಳ ಮುಂದೆ ಕೂತವರ ಬಳಿಗೆ ಹೊರಟ.