ಇಲ್ಲಿ ಸಿಗದ ಕೆಲಸ

"ಮೇಷ್ಟ್ರೇ, ನನ್ನ ತಂಡದಲ್ಲಿ ನನ್ನಷ್ಟು ಕೆಲಸ ಬಲ್ಲವರು ಒಬ್ಬರೂ ಇಲ್ಲ. ಅಂಥವರನ್ನು ಕಟ್ಟಿಕೊಂಡು ಮುಂದೆ ಹೋಗುವುದು ಹೇಗೆ?"

ಹೀಗೆ ಕೇಳಿದವನು ವಿಶ್ವಂಭರ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದರಲ್ಲಿ ಗಟ್ಟಿಗ. ಕಂಪನಿಯವರು ಅವನನ್ನು ಎಂಟು ಜನರ ತಂಡಕ್ಕೆ ಮುಖ್ಯಸ್ಥನನ್ನಾಗಿ ಮಾಡಿ ಎರಡು ತಿಂಗಳಾಗಿತ್ತು. ಮೇಷ್ಟ್ರು ಎಂದರೆ ಗುರುಬಸಯ್ಯನವರು. ಮೂವತ್ತು ವರ್ಷ ಎಂಜಿನಿಯರುಗಳ ತಂಡಗಳನ್ನು ನಡೆಸಿ ನಿವೃತ್ತರಾದವರು. ಹೊಸದಾಗಿ ಮುಖ್ಯಸ್ಥರಾದವರು ನಾಲ್ಕೈದು ಜನ ಭಾನುವಾರದ ಬೆಳಗ್ಗೆ ಅವರ ಬಳಿ ಬಂದು ಕೂರುತ್ತಿದ್ದರು.

ಗುರುಬಸಯ್ಯನವರು ಉತ್ತರ ಹೇಳಲಿಲ್ಲ. ಕತೆ ಹೇಳಿದರು.

ದಾವಣಗೆರೆಯ ಕಡೆ ಒಂದು ಸಣ್ಣ ಕಂಪನಿ. ಅಲ್ಲಿ ದಾಕ್ಷಾಯಿಣಿ ಎಂಬ ಎಂಜಿನಿಯರ್ ಇದ್ದಳು. ಸುತ್ತಲಿನ ಮುನ್ನೂರು ಹಳ್ಳಿಗಳ ಹಾಲಿನ ಡೇರಿಗಳಿಗೆ ಆ ಕಂಪನಿಯೇ ಪ್ರೋಗ್ರಾಂ ಬರೆದುಕೊಟ್ಟಿತ್ತು. ಬೆಳಗ್ಗೆ ಎಷ್ಟು ಲೀಟರ್ ಹಾಲು ಸೇರಿತು ಎಂಬುದನ್ನು ಡೇರಿಯ ಕಾರ್ಯದರ್ಶಿ ಒಂದು ಪುಟ್ಟ ಯಂತ್ರದಲ್ಲಿ ಒತ್ತಬೇಕು. ಅದು ನಗರಕ್ಕೆ ಮುಟ್ಟಬೇಕು. ಹಾಲಿನ ವ್ಯಾನು ಯಾವ ಊರಿಗೆ ಮೊದಲು ಹೋಗಬೇಕು, ಯಾವ ಊರಿಗೆ ಆಮೇಲೆ ಎಂದು ಪ್ರೋಗ್ರಾಂ ಹೇಳಬೇಕು. ಪ್ರೋಗ್ರಾಂ ನಿಂತರೆ ವ್ಯಾನು ನಿಲ್ಲುತ್ತದೆ. ವ್ಯಾನು ನಿಂತರೆ ಹಾಲು ಒಡೆಯುತ್ತದೆ. ಹಾಲು ಯಾರಿಗೂ ಕಾಯುವುದಿಲ್ಲ.

ಆರು ಜನರ ತಂಡದಲ್ಲಿ ದಾಕ್ಷಾಯಿಣಿಯದೇ ಎತ್ತಿದ ಕೈ. ಆದ್ದರಿಂದ ಅವಳನ್ನೇ ಮುಖ್ಯಸ್ಥೆ ಮಾಡಿದರು. ಅವಳು ಹಿಗ್ಗಿದಳು. ಮೊದಲಿಗಿಂತ ಎರಡರಷ್ಟು ಕೆಲಸ ಮಾಡಿದಳು. ಉಳಿದ ಐವರು ಬರೆದದ್ದನ್ನೆಲ್ಲ ಸಂಜೆ ಕೂತು ನೋಡುವಳು. ಸರಿ ಕಾಣದ್ದನ್ನು ತಾನೇ ಅಳಿಸಿ, ತಾನೇ ಬರೆಯುವಳು. ಹೇಳಿ ಕಲಿಸಲು ಒಂದು ಗಂಟೆ ಬೇಕು, ಮಾಡಿ ಮುಗಿಸಲು ಹತ್ತು ನಿಮಿಷ ಸಾಕು. ಅವಳು ಹತ್ತು ನಿಮಿಷವನ್ನೇ ಆರಿಸಿಕೊಂಡಳು. ನಾಲ್ಕು ತಿಂಗಳು ಹೀಗೆ ಕಳೆಯಿತು. ಯಾವ ತೊಡಕು ಬಂದರೂ ಐದು ಕುರ್ಚಿಗಳು ಅವಳ ಕಡೆ ತಿರುಗುತ್ತಿದ್ದವು. ಅದು ಅವಳಿಗೆ ಹಿತವಾಗಿಯೇ ಇತ್ತು.

ಆ ಐವರಲ್ಲಿ ತಿಪ್ಪೇಸ್ವಾಮಿ ಎಂಬವರೊಬ್ಬರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರು. ಊರೂರು ತಿರುಗಿ ಡೇರಿಗಳ ತೂಕದ ಯಂತ್ರ, ಲೆಕ್ಕದ ಯಂತ್ರ ರಿಪೇರಿ ಮಾಡಿಕೊಂಡಿದ್ದು, ನಲವತ್ತು ದಾಟಿದ ಮೇಲೆ ಪ್ರೋಗ್ರಾಂ ಬರೆಯುವುದನ್ನು ಕಲಿತವರು. ಮಾತು ಕಡಿಮೆ. ಬೆರಳೂ ನಿಧಾನ. ಒಂದು ಸೋಮವಾರ ಅವರು ಒಂದು ಕಾಗದ ಹಿಡಿದು ಅವಳ ಮುಂದೆ ನಿಂತರು.

"ಮೇಡಂ, ಈ ತಿಂಗಳು ಮುಗಿದ ಮೇಲೆ ನಾನು ಬರುವುದಿಲ್ಲ."

"ಬೇರೆ ಕಡೆ ಕೆಲಸ ಸಿಕ್ಕಿದೆಯೇ?"

"ಇಲ್ಲ ಮೇಡಂ. ಇಲ್ಲಿ ಸಿಗಲಿಲ್ಲ."

ಅಷ್ಟು ಹೇಳಿ ಅವರು ತಮ್ಮ ಜಾಗಕ್ಕೆ ಹೋಗಿ ಕೂತರು. ದಾಕ್ಷಾಯಿಣಿಗೆ ಮೊದಲು ಸಿಟ್ಟು ಬಂತು. ತಿಂಗಳು ತಿಂಗಳು ಸಂಬಳ ಬರುತ್ತಿರುವಾಗ ಕೆಲಸ ಸಿಗಲಿಲ್ಲ ಎಂದರೇನು? ಅವರು ಈ ನಾಲ್ಕು ತಿಂಗಳಲ್ಲಿ ಏನೇನು ಬರೆದಿದ್ದಾರೆ ಎಂದು ತೆಗೆದು ನೋಡಿದಳು. ನಲವತ್ತು ಸಲ ಬರೆದಿದ್ದರು. ಮೂವತ್ತಾರು ಸಲ ಅವಳು ಅದನ್ನು ಅಳಿಸಿದ್ದಳು. ಏಕೆ ಅಳಿಸಿದೆ ಎಂದು ಒಂದು ಸಲವೂ ಹೇಳಿರಲಿಲ್ಲ. ಸಿಟ್ಟು ಇಳಿಯಿತು. ಮುಖ ಬಿಸಿಯಾಯಿತು.

ಮರುದಿನ ಅವಳು ಅವರ ಬಳಿಗೆ ತಾನೇ ಹೋದಳು. ಆಗ ತಂಡದ ಮುಂದೆ ಒಂದು ದೊಡ್ಡ ಕೆಲಸ ಇತ್ತು. ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ. ಒತ್ತಿದ ಲೆಕ್ಕ ನಗರಕ್ಕೆ ಮುಟ್ಟದೆ ವ್ಯಾನು ದಾರಿ ತಪ್ಪುತ್ತಿತ್ತು. ಅದಕ್ಕೊಂದು ಹೊಸ ಪ್ರೋಗ್ರಾಂ ಆಗಬೇಕಿತ್ತು. ಹೇಗೆ ಮಾಡಬೇಕೆಂದು ಅವಳು ಮನಸ್ಸಿನಲ್ಲಿ ಆಗಲೇ ಹಾಕಿಟ್ಟುಕೊಂಡಿದ್ದಳು.

"ತಿಪ್ಪೇಸ್ವಾಮಿಯವರೇ, ಹೊಸ ಪ್ರೋಗ್ರಾಂ ನಿಮ್ಮದು. ಉಳಿದ ನಾಲ್ವರು ನಿಮ್ಮ ಜೊತೆ. ನಾನು ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಹೋಗುವುದಿದ್ದರೆ ಇದನ್ನು ಮುಗಿಸಿ ಹೋಗಿ."

ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಅದೇ ಒಪ್ಪಿಗೆ.

ಮೊದಲ ಮೂರು ದಿನ ಅವರು ಏನನ್ನೂ ಬರೆಯಲಿಲ್ಲ. ನಾಲ್ವರನ್ನು ಕರೆದುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಹಾಲು ಹತ್ತಿದ ಒದ್ದೆ ಕೈಯಲ್ಲಿ ಕಾರ್ಯದರ್ಶಿ ಹೇಗೆ ಒತ್ತುತ್ತಾರೆ ಎಂದು ನೋಡಿದರು. ದಾಕ್ಷಾಯಿಣಿ ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಮೂರು ದಿನದಲ್ಲಿ ತಾನಾಗಿದ್ದರೆ ಅರ್ಧ ಮುಗಿಸುತ್ತಿದ್ದೆ ಎಂದು ಅವಳಿಗೆ ಅನಿಸಿತು. ಅದು ನಿಜವೂ ಆಗಿತ್ತು.

ಅವರು ಹಿಡಿದ ದಾರಿ ಅವಳ ದಾರಿಯಲ್ಲ. ನೆಟ್‌ವರ್ಕ್ ಇಲ್ಲದಾಗ ಯಂತ್ರ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಸಿಗ್ನಲ್ಲಿನ ಒಂದು ಎಳೆ ಸಿಕ್ಕಾಗ ಮೊಬೈಲಿನ ಸಾದಾ ಸಂದೇಶವಾಗಿ ಕಳಿಸಬೇಕು ಎಂದು ಅವರು ನಿರ್ಧರಿಸಿದ್ದರು. ಎರಡನೆಯ ವಾರ ಅವರು ಬರೆದದ್ದನ್ನು ಅವಳು ಓದಿದಳು. ಒಂದು ತೂತು ಕಣ್ಣಿಗೆ ಬಿತ್ತು. ಬೆರಳುಗಳು ತುರಿಸಿದವು. ಅವಳು ಎದ್ದು ಹೊರಗೆ ಹೋದಳು. ಒಂದು ಚಹಾ ಕುಡಿದಳು. ಸಾಲದೆ ಇನ್ನೊಂದು ಕುಡಿದಳು. ಅಂಗಡಿಯವನು ಮೂರನೆಯದನ್ನು ಹಾಕಲೇ ಎಂದು ಕೇಳಿದಾಗ ವಾಪಸು ಬಂದಳು. ಐವರ ನಡುವೆ ಕುರ್ಚಿ ಎಳೆದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

"ಇವತ್ತಿನ ಸಂದೇಶ ಮೊದಲು ಬಂದು, ನಿನ್ನೆಯದು ಆಮೇಲೆ ಬಂದರೆ?"

ಐವರೂ ಮುಖ ಮುಖ ನೋಡಿಕೊಂಡರು. ಹಳೆಯ ಲೆಕ್ಕ ಹೊಸದರ ಮೇಲೆ ಕೂತುಬಿಡುತ್ತದೆ. ಖಾಲಿ ಡೇರಿಗೆ ವ್ಯಾನು ಹೋಗುತ್ತದೆ. ಒಬ್ಬ ತಲೆ ಚಚ್ಚಿಕೊಂಡ. ಇನ್ನೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಅವತ್ತು ಕೋಣೆಯಲ್ಲಿ ಗಲಾಟೆಯೋ ಗಲಾಟೆ. ನಾಲ್ಕು ತಿಂಗಳಲ್ಲಿ ಅಲ್ಲಿ ಅಂಥ ಸದ್ದು ಎದ್ದಿರಲಿಲ್ಲ.

ಅದಕ್ಕೆ ಅವಳ ಬಳಿ ಉತ್ತರ ಇತ್ತು. ಪ್ರತಿ ಸಂದೇಶದ ಜೊತೆ ತಾರೀಖು, ಗಂಟೆ, ನಿಮಿಷ ಸೇರಿಸಿದರಾಯಿತು. ಹೊಸ ಸಮಯದ್ದು ಗೆಲ್ಲುತ್ತದೆ. ಅದು ತುಟಿಯವರೆಗೆ ಬಂದಿತ್ತು. ಅವಳು ಸುಮ್ಮನಿದ್ದಳು. ಎರಡು ದಿನದ ಮೇಲೆ ತಿಪ್ಪೇಸ್ವಾಮಿ ಬೇರೆಯದೇ ಒಂದನ್ನು ತಂದರು. ಪ್ರತಿ ಯಂತ್ರವೂ ತಾನು ಕಳಿಸುವ ಸಂದೇಶಕ್ಕೆ ಒಂದು, ಎರಡು, ಮೂರು ಎಂದು ಸಾಲು ಸಂಖ್ಯೆ ಹಾಕಬೇಕು.

"ಸಮಯ ಹಾಕಿದರೆ ಸಾಲದೇ?" ಎಂದು ಅವಳು ಕೇಳಿದಳು.

"ಡೇರಿ ಯಂತ್ರದ ಗಡಿಯಾರ ನಂಬುವ ಹಾಗಿಲ್ಲ ಮೇಡಂ. ಕರೆಂಟ್ ಹೋಗಿ ಬಂದರೆ ಅದು ಯಾವ ವರ್ಷಕ್ಕೆ ಹೋಗಿ ನಿಲ್ಲುತ್ತದೋ ಗೊತ್ತಿಲ್ಲ. ನೂರಾರು ಯಂತ್ರ ಬಿಚ್ಚಿ ನೋಡಿದ್ದೇನೆ."

ದಾಕ್ಷಾಯಿಣಿ ಅವರು ಬರೆದದ್ದನ್ನು ಇನ್ನೊಮ್ಮೆ ಓದಿದಳು. ತನ್ನ ಉತ್ತರ ಹೇಳಿದ್ದರೆ ಅವರು ಅದನ್ನೇ ಬರೆಯುತ್ತಿದ್ದರು. ಅದು ಮೊದಲ ವಾರದಲ್ಲೇ ಕೈಕೊಡುತ್ತಿತ್ತು. ಅವಳಿಗೆ ಅವಮಾನವಾಗಬೇಕಿತ್ತು. ಆದರೆ ಹೊಸ ಪಾಠ ಕಲಿತ ದಿನ ಶಾಲೆಯಿಂದ ಓಡುತ್ತಾ ಬರುವ ಮಕ್ಕಳಿಗೆ ಆಗುವಂಥದ್ದು ಏನೋ ಆಯಿತು.

ಹೊಸ ಪ್ರೋಗ್ರಾಂ ಶುರುವಾಗುವ ದಿನ ಬಂತು. ತಾನು ಕಚೇರಿಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗುಡ್ಡದ ಮೇಲಿನ ಒಂದು ಹಳ್ಳಿಯ ಡೇರಿಗೆ ಹೋಗಿ ನಿಂತಳು. ಬೆಳಗಿನ ಆರು ಗಂಟೆ. ಹಾಲು ತುಂಬಿದ ಕ್ಯಾನುಗಳು ಸಾಲಾಗಿ ಕೂತಿದ್ದವು. ಕಾರ್ಯದರ್ಶಿ ಗಂಗಮಾಳಮ್ಮ ಲೆಕ್ಕ ಒತ್ತಿದರು. ಅದೇ ಹೊತ್ತಿಗೆ ಆ ಸೀಮೆಯ ಮೊಬೈಲ್ ಟವರ್ ಕೆಟ್ಟು ನಿಂತಿತು. ಅವಳ ಫೋನಿನಲ್ಲಿ ಒಂದು ಗೆರೆಯೂ ಉಳಿಯಲಿಲ್ಲ. ವ್ಯಾನು ಬರುವ ಹೊತ್ತು ಆಯಿತು. ಬರಲಿಲ್ಲ. ಹತ್ತು ನಿಮಿಷ ಕಳೆಯಿತು. ಬಿಸಿಲು ಕ್ಯಾನುಗಳ ಕಡೆ ಸರಿಯಿತು. ಗಂಗಮಾಳಮ್ಮ ಕ್ಯಾನುಗಳ ಮೇಲೆ ಒದ್ದೆ ಗೋಣಿ ಹಾಸಿದರು. ಏನಾಗಿದೆ ಎಂದು ದಾಕ್ಷಾಯಿಣಿಗೆ ಗೊತ್ತಿಲ್ಲ. ಮಾಡಲು ಏನೂ ಇಲ್ಲ. ಅವಳೂ ಗೋಣಿಯ ಒಂದು ತುದಿ ಹಿಡಿದಳು.

ಇಪ್ಪತ್ತು ನಿಮಿಷಕ್ಕೆ ಫೋನಿಗೆ ಜೀವ ಬಂತು. ತಂಡದ ಕರೆಗಳು ಸಾಲುಗಟ್ಟಿ ಬರುತ್ತವೆ ಎಂದು ಅವಳು ಕಾದಳು. ಕಾಲು ಗಂಟೆಯಾದರೂ ಒಂದೂ ಬರಲಿಲ್ಲ. ತಾನೇ ಕರೆ ಮಾಡಲು ನಂಬರ್ ಒತ್ತಿದಳು. ಅಷ್ಟರಲ್ಲಿ ತಿರುವಿನಲ್ಲಿ ವ್ಯಾನಿನ ಹಾರ್ನ್ ಕೇಳಿತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಅದೇ ವ್ಯಾನಿನಲ್ಲಿ ಚಾಲಕನ ಪಕ್ಕ ಕೂತು, ಹಿಂದೆ ಕ್ಯಾನುಗಳು ಕುಲುಕುವ ಸದ್ದು ಕೇಳುತ್ತಾ ನಗರಕ್ಕೆ ಬಂದಳು.

ಕಚೇರಿಯಲ್ಲಿ ಐವರೂ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಜೋರು ವಾದ ನಡೆದಿತ್ತು. ಅವಳು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಒಂದು ಕ್ಷಣ ಅವಳ ಎದೆಯಲ್ಲಿ ಏನೋ ಖಾಲಿಯಾದಂತೆ ಆಯಿತು. ಮರುಕ್ಷಣ ನಗು ಬಂತು. ಕೊನೆಯ ಕುರ್ಚಿಯಲ್ಲಿ ಕೂತು ಏನಾಯಿತು ಎಂದು ಕೇಳಿದಳು. ಟವರ್ ಸರಿಯಾದಾಗ ನಲವತ್ತು ಹಳ್ಳಿಗಳ ಸಂದೇಶ ಒಮ್ಮೆಲೇ ನುಗ್ಗಿ ಪ್ರೋಗ್ರಾಂ ಉಸಿರು ಕಟ್ಟಿ ನಿಂತಿತ್ತಂತೆ. ಇವರು ಸಂದೇಶಗಳನ್ನು ಬಾಗಿಲಲ್ಲೇ ತಡೆದು ಹತ್ತು ಹತ್ತಾಗಿ ಒಳಗೆ ಬಿಟ್ಟರಂತೆ. ಆರೇ ನಿಮಿಷ ಹಿಡಿಯಿತಂತೆ. ಒಂದು ಲೀಟರ್ ಹಾಲೂ ಒಡೆದಿರಲಿಲ್ಲ. ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ ಎಂದಳು. ತಿಪ್ಪೇಸ್ವಾಮಿ ಮಿರ್ಚಿ ಹಿಡಿದ ಕೈಯನ್ನು ಒರೆಸಿಕೊಂಡು, ನಿಧಾನವಾಗಿ, ಮೊದಲಿನಿಂದ ಹೇಳಿಕೊಟ್ಟರು. ತಿಂಗಳು ಮುಗಿಯಿತು. ಅವರು ಹೋಗುವ ಮಾತು ಎತ್ತಲಿಲ್ಲ.

ಇಷ್ಟು ಹೇಳಿ ಗುರುಬಸಯ್ಯನವರು ನೀರು ಕುಡಿದರು. ಕೇಳುತ್ತಿದ್ದವರೆಲ್ಲರ ಮುಖ ಅರಳಿತ್ತು. ವಿಶ್ವಂಭರನ ಮುಖ ಮಾತ್ರ ಅರ್ಧ ಅರಳಿತ್ತು.

"ಕತೆ ಚೆನ್ನಾಗಿದೆ ಮೇಷ್ಟ್ರೇ. ಆದರೆ ನನ್ನ ತಂಡದಲ್ಲಿ ತಿಪ್ಪೇಸ್ವಾಮಿಯಂಥವರು ಒಬ್ಬರೂ ಇಲ್ಲವಲ್ಲ?"

"ಮೊದಲ ನಾಲ್ಕು ತಿಂಗಳು ದಾಕ್ಷಾಯಿಣಿಯ ತಂಡದಲ್ಲೂ ಇರಲಿಲ್ಲ" ಎಂದರು ಗುರುಬಸಯ್ಯನವರು.