ಉಬ್ಬುಗುಳಿಯ ಅಡೆಗಲ್ಲು

ತೊರೆಸಾಲು ಎಂಬ ಊರಿನ ಮೂಡಣಕ್ಕೆ ಒಂದು ಬೋಳುದಿಣ್ಣೆ. ಅದರ ನೆತ್ತಿಯ ಹಾಸುಬಂಡೆಯಲ್ಲಿ ಗೇಣಗಲದ ಚೌಕ ಗುಳಿಯಿದೆ. ಗುಳಿಯೆಂದ ಮೇಲೆ ತಳ ತಗ್ಗಾಗಿರಬೇಕು. ಇದರ ತಳವೋ ಬೋರಲು ಹಾಕಿದ ಬಟ್ಟಲಿನಂತೆ ಉಬ್ಬಿದೆ. ದಿಣ್ಣೆಗೆ ಉಬ್ಬುಗುಳಿ ಎಂದು ಹೆಸರಾದದ್ದು ಅದರಿಂದಲೇ. ಆ ಉಬ್ಬು ಬೆಳಕಿಗೆ ಬಂದದ್ದು ಮಾತ್ರ ಒಬ್ಬ ಗೌಡನ ಅನುಮಾನದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಗುಳಿಯಲ್ಲಿ, ಕಾಸಿದ ಕಬ್ಬಿಣವನ್ನಿಟ್ಟು ಬಡಿಯುವ ಕಮ್ಮಾರರ ಅಡೆಗಲ್ಲು ಕೂತಿತ್ತು. ಹೆಸರಿಗೆ ಕಲ್ಲು, ಇದ್ದದ್ದು ಚೌಕದ ಕಬ್ಬಿಣದ ಗಟ್ಟಿ. ಮೂರು ತಲೆಮಾರು ಬೆಂಕಿ ಆರದ ಕುಲುಮೆಯ ಜಾಗ ಆ ಮನೆಯವರದೇ ಎಂಬುದು ಊರ ಕಟ್ಟಳೆ. ಗಂಡ ಸತ್ತ ಮೇಲೆ ಆ ಕಮ್ಮಾರರ ಮನೆಯ ಸೊಸೆ ಮೌನವ್ವ ತಾನೇ ಸುತ್ತಿಗೆ ಹಿಡಿದು ಕುಡುಗೋಲು ತಟ್ಟುತ್ತಿದ್ದಳು. ಅಷ್ಟರಲ್ಲಿ ಪರವೂರಿನ ಕಮ್ಮಾರನೊಬ್ಬ ಜಾಗ ಕೇಳಿ ಬಂದ. ಆಕೆಯ ಅಡೆಗಲ್ಲು ಮೊನ್ನೆ ಮೊನ್ನೆಯದೆಂದು ಗೌಡ ಗುದ್ದಲೆಪ್ಪನ ಕಿವಿಯೂದಿದ. ಹೆಂಡತಿ ಕೊಟ್ಟ ಮಜ್ಜಿಗೆಯನ್ನೂ ಮೂಸಿ ಕುಡಿಯುವ ಗೌಡನಿಗೆ ಅಷ್ಟು ಸಾಕಾಯಿತು. ದಿಣ್ಣೆ ಹತ್ತಿ ಅಡೆಗಲ್ಲಿನ ಮೇಲೆ ಅಂಗೈ ಆಡಿಸಿದ. ಸಪಾಟಾಗಿತ್ತು. ಒಳಗೊಳಗೇ ಕಳ್ಳ ಸಿಕ್ಕಷ್ಟು ಸಮಾಧಾನವಾಯಿತು.

“ಮೂರು ತಲಿ ಹೊಡೆತ ತಿಂದ ಕಬ್ಬಿಣ, ಇನ್ನೂ ಮದುವಣಗಿತ್ತಿ ಹಂಗೈತಲ್ಲವ್ವಾ?”

“ಮ್ಯಾಲಿನ ಮಾರಿ ಸವೆದ್ರ ಮಗ್ಗಲಾ ಹೊರಳಸ್ತೀವ್ರಿ ಗೌಡ್ರ. ನಮ್ಮ ಮಾವ ಬಡಿದ ಮಾರಿ ಅಡಿಗೈತಿ, ಅವರಪ್ಪ ಬಡಿದದ್ದು ಬಾಜೂಕೈತಿ. ಇದು ನನ್ನ ಗಂಡ ಕುಂತ ದಿನ ಮ್ಯಾಲ ಬಂದ ಮಾರಿ, ಇನ್ನೂ ಸವೆದಿಲ್ಲ.”

“ಎತ್ತಿ ತೋರಸು.”

“ಮನ್ಯಾಗ ಹೊಸಬ ಕುಲುಮಿಗೆ ಕೂಡೂ ದಿನ ಬಿಟ್ಟು ಎತ್ತಿದ್ರ ಕುಲುಮಿ ಆರಿದಂಗ. ಆರಿದ ಕುಲುಮಿಗೆ ಜಾಗ ಯಾಕಂತ ನಾಳೆ ನೀವ ಕೇಳ್ತೀರಿ.”

ಎತ್ತದಿದ್ದರೆ ಸುಳ್ಳಿ, ಎತ್ತಿದರೆ ಜಾಗವಿಲ್ಲ. ಆಕೆ ಹಿಂಜರಿದಷ್ಟೂ ಗೌಡನ ಅನುಮಾನ ಬಲಿಯಿತು, ಹಾರೆ ತರಿಸಿದ. ಮೌನವ್ವ ಕುಲುಮೆಯ ಕೆಂಡಕ್ಕೆ ತಾನೇ ನೀರು ಸುರಿದಳು. ನಾಲ್ವರು ಮೀಟಿ ಎತ್ತಿದರೆ, ಅಡಿಯ ಮುಖ ಬಟ್ಟಲಿನಂತೆ ಸವೆದಿತ್ತು, ಒಂದು ಮಗ್ಗುಲೂ ಹಾಗೆಯೇ. ಆಗಲೂ ಗೌಡ ನಂಬಲಿಲ್ಲ. ಎಲ್ಲಿಯದೋ ಹಳೆಯ ಕಬ್ಬಿಣವನ್ನು ಮೊನ್ನೆ ತಂದು ಹೂಳಿರಬಾರದೇಕೆ? ಮಂಡಿಯೂರಿ ಗುಳಿಗೆ ಕೈಯಿಳಿಸಿದ. ಕೂರಿಸುವಾಗ ಹಾಕಿದ ಸುಣ್ಣದ ಗಾರೆ ಆ ಸವಕಲಿನೊಳಗೆ ತುಂಬಿಕೊಂಡು ಉಬ್ಬಾಗಿ ನಿಂತಿತ್ತು. ಹಾರೆಯಿಂದ ಕುಕ್ಕಿದ, ಕಿಡಿ ಹಾರಿತೇ ಹೊರತು ಚೂರು ಏಳಲಿಲ್ಲ. ಮೊನ್ನೆಯ ಗಾರೆ ಹಾಗೆ ಕಲ್ಲಾಗದೆಂಬುದು ಕೆರೆಯ ತೂಬು ಕಟ್ಟಿಸಿದ ಅವನಿಗೆ ಗೊತ್ತಿತ್ತು.

“ಇಳಿಸ್ರಿ, ಇದ್ದಲ್ಲೇ ಇಳಿಸ್ರಿ,” ಎಂದ.

“ಕುಲುಮಿ ಆರೇತ್ರಿ ಗೌಡ್ರ,” ಎಂದಳು ಮೌನವ್ವ. ಅಡೆಗಲ್ಲನ್ನು ಕೋಣದ ಮೇಲೆ ಹೇರಿಸಿಕೊಂಡು ಹೊಳೆ ದಾಟಿದವಳು ತಿರುಗಿ ಬರಲಿಲ್ಲ.

ಪರವೂರಿನವನ ಅಡೆಗಲ್ಲು ಆ ಉಬ್ಬಿನ ಮೇಲೆ ನಿಲ್ಲಲಿಲ್ಲ, ಏಟಿಗೊಮ್ಮೆ ವಾಲುತ್ತಿತ್ತು. ಉಬ್ಬನ್ನು ಕೆತ್ತಿಹಾಕಲು ಅವನು ಚಾಣ ತಂದಾಗ ಗೌಡ ಆ ಉಬ್ಬಿನ ಮೇಲೆ ಅಂಗೈಯಿಟ್ಟು, “ಮೊದಲು ಈ ಕೈ ಹೊಡಿ,” ಎಂದನಂತೆ. ಅವನೂ ಊರು ಬಿಟ್ಟ. ಅಂದಿನಿಂದ ತೊರೆಸಾಲಿನ ಕುಡುಗೋಲುಗಳು ಹದಕ್ಕೆ ಹೊಳೆಯಾಚೆಗೇ ಹೋದವು.

ಈಗಲೂ ದಿಣ್ಣೆ ಹತ್ತಿದವರು ಈ ಕಥೆ ಕೇಳಿ, ಮಳೆನೀರು ಕೊರೆದದ್ದಿರಬೇಕು ಬಿಡಿ ಎನ್ನುತ್ತಾರೆ. ಎಂದವರೇ ಮಂಡಿಯೂರಿ ಒಳಗೆ ಕೈಯಿಳಿಸುತ್ತಾರೆ. ಹಾಗೆ ಮಂಡಿ ತಾಗಿ ತಾಗಿ ಗುಳಿಯ ಅಂಚಿನ ಬಂಡೆಯಲ್ಲಿ ಬೇರೆ ಎರಡು ತಗ್ಗು ಬಿದ್ದಿವೆ.